ಹಳೆಯ ಸೀರೆ ಮತ್ತು ಐನೂರು ರೂಪಾಯಿ

ಕಳೆದ ದೀಪಾವಳಿಗೆ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಎರಡು ಸೀರೆ, ಒಂದು ಡಬ್ಬ ಸಿಹಿ ಕೊಟ್ಟೆ. ಸೀರೆಗಳು ಹಳೆಯವು, ಆದರೆ ಚೆನ್ನಾಗಿದ್ದವು. ಅವರು ಕೈಮುಗಿದರು. ಅಂದು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಮುಂದಿನ ತಿಂಗಳು ಅವರೇ ಕೇಳಿದರು: "ಅಕ್ಕಾ, ಮನೆ ಬಾಡಿಗೆ ಏರಿಸಿದಾರೆ. ಸಂಬಳ ಐನೂರು ಜಾಸ್ತಿ ಮಾಡ್ಕೊಡಿ." "ನೋಡೋಣ" ಎಂದೆ. ಆಮೇಲೆ ಅಕ್ಕಪಕ್ಕದ ಫ್ಲ್ಯಾಟಿನವರು ಎಷ್ಟು ಕೊಡುತ್ತಾರೆಂದು ವಿಚಾರಿಸಿದೆ.

ಆ ಸೀರೆಗಳ ಬೆಲೆ ಐನೂರಕ್ಕಿಂತ ಹೆಚ್ಚು. ಹಾಗಿದ್ದರೆ ಸೀರೆ ಕೊಡುವಾಗ ಹಿಗ್ಗಿದ ಮನಸ್ಸು ಈಗ ಯಾಕೆ ಲೆಕ್ಕ ಹಾಕುತ್ತಿದೆ?

ತತ್ತ್ವಜ್ಞಾನಿ ಪೀಟರ್ ಸಿಂಗರ್ 1972ರ ಪ್ರಬಂಧವೊಂದರಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧವಾದದ್ದು. ಕೊಳದಲ್ಲಿ ಮಗುವೊಂದು ಮುಳುಗುತ್ತಿದ್ದರೆ, ಬಟ್ಟೆ ಕೆಸರಾದೀತೆಂದು ದಾರಿಹೋಕ ಸುಮ್ಮನೆ ಹೋಗಬಹುದೇ? ಹೋಗಬಾರದು, ದೂರದವರ ಹಸಿವಿಗೂ ಅದೇ ನ್ಯಾಯ ಎಂಬುದು ಅವರ ವಾದ. ನಾನು ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ನಾನು ದಾರಿಹೋಕಳಲ್ಲ. ಅವರು ಬೆಳಿಗ್ಗೆ ಆರಕ್ಕೇ ಮಕ್ಕಳನ್ನು ಶೀಟಿನ ಮನೆಯಲ್ಲಿ ಬಿಟ್ಟು ಬರುವುದರಿಂದ ನಾನು ಎಂಟಕ್ಕೆ ಆಫೀಸಿಗೆ ಹೊರಡುತ್ತೇನೆ. ನನ್ನ ಉಳಿತಾಯದಲ್ಲಿ ಅವರಿಗೆ ಕೊಡದೆ ಉಳಿಸಿಕೊಂಡದ್ದೂ ಸೇರಿದೆ. ಅದನ್ನು ಕೊಟ್ಟರೆ ಉಪಕಾರವಲ್ಲ, ಸಾಲ ತೀರಿಸಿದಂತೆ.

ಕರ್ನಾಟಕದಲ್ಲಿ 2004ರಲ್ಲೇ ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತುಮಾಡಲಾಯಿತು. ಅದು ಈಗ ಎಷ್ಟೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಪಕ್ಕದ ಮನೆಯ ದರ ಮಾತ್ರ ಗೊತ್ತಿತ್ತು.

ನಾನೊಬ್ಬಳು ಐನೂರು ಹೆಚ್ಚಿಸಿದರೆ ನಗರದ ಬಡತನ ಹೋಗುತ್ತದೆಯೇ ಎಂದು ಕೇಳಬಹುದು. ಹೋಗುವುದಿಲ್ಲ. ಬಾಡಿಗೆ, ಜಾಗದ ಬೆಲೆ, ಆಸ್ಪತ್ರೆ, ಶಾಲೆ ಇವೆಲ್ಲ ಸರ್ಕಾರ ನೋಡಬೇಕಾದ ಸಂಗತಿಗಳು. ಅದಕ್ಕಾಗಿ ಹೆಚ್ಚು ತೆರಿಗೆ ಕೊಡಲು ಉಳ್ಳವರು ಗೊಣಗಬಾರದು. ಆದರೆ ಸರ್ಕಾರದ ಕೆಲಸ ದೊಡ್ಡದೆಂದ ಮಾತ್ರಕ್ಕೆ ನನ್ನ ಬಾಕಿ ಮನ್ನಾ ಆಗುವುದಿಲ್ಲ.

12ನೇ ಶತಮಾನದ ಶರಣರು ದಾಸೋಹ ಎಂಬ ಮಾತನ್ನು ಹಿಡಿದರು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ನನಗೆ ಹಬ್ಬದ ದಿನ ಸಿಕ್ಕ ಸುಖ ಆ ಮೇಲಿನ ಕೈಯದು.

ತಿಂಗಳ ಕೊನೆಗೆ ಸಂಬಳ ಹೆಚ್ಚಿಸಿ ಕೊಟ್ಟೆ. ಈ ಸಲ ಅವರು ಕೈಮುಗಿಯಲಿಲ್ಲ. ಎಣಿಸಿ, ಪರ್ಸಿಗೆ ಹಾಕಿಕೊಂಡು ಪಾತ್ರೆ ತೊಳೆಯಲು ಹೋದರು. ಒಂದು ಗಳಿಗೆ ನನಗೆ ಏನೋ ಕಡಿಮೆಯಾದಂತೆ ಅನಿಸಿತು. ಆಮೇಲೆ ನೆನಪಾಯಿತು: ನನ್ನ ಸಂಬಳ ಏರಿದಾಗ ನಾನೂ ಯಾರಿಗೂ ಕೈಮುಗಿದಿರಲಿಲ್ಲ.