ಧಾಟಿ ಉಳಿಯದ ವಚನ ಮತ್ತು ಅದರ ಗಾಯಕ

ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿ ಐಕ್ಯಳಾದಳೆಂದು ಪರಂಪರೆ ನಂಬುವ ಬಸವಣ್ಣನವರ ಮಡದಿ ಗಂಗಾಂಬಿಕೆಯ ಕೆಲವೇ ವಚನಗಳು ಉಳಿದಿವೆ. ‘ಗಂಗಾಪ್ರಿಯ ಕೂಡಲಸಂಗ’ ಎಂಬುದು ಅವುಗಳ ಅಂಕಿತ. ಅವನ್ನು ಹನ್ನೆರಡನೆಯ ಶತಮಾನದಲ್ಲಿ ಹಾಡುತ್ತಿದ್ದರೇ, ಹಾಡಿದ್ದರೆ ಯಾವ ಧಾಟಿಯಲ್ಲಿ ಎಂಬುದಕ್ಕೆ ಸ್ವರಲಿಪಿಯ ಆಧಾರ ಒಂದೂ ಇಲ್ಲ. ಪಲ್ಲವಿ, ನುಡಿಗಳಿರುವ ಸ್ವರವಚನಗಳು ಹಾಡಲೆಂದೇ ಹುಟ್ಟಿದವು. ಉಳಿದ ವಚನಗಳ ವಿಷಯದಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಹೀಗಿರುವಾಗ ಇಂದಿನ ವಚನಗಾಯಕ ಶರಣರ ನುಡಿಯನ್ನು ತಲುಪಿಸುತ್ತಾನೆಯೇ, ತನ್ನ ಸಂಗೀತವನ್ನೇ? ಹಾಗೆ ಹಾಡಿ ಗಳಿಸಿದ್ದು ಕಾಯಕವಾಗುತ್ತದೆಯೇ?

ಯುರೋಪಿನಲ್ಲಿ ಪ್ರಾಚೀನ ಸಂಗೀತವನ್ನು ಮತ್ತೆ ನುಡಿಸಹೊರಟವರು ಈ ಪ್ರಶ್ನೆಯ ಮೊದಲರ್ಧಕ್ಕೆ ವಾದ್ಯಗಳ ಮೂಲಕ ಉತ್ತರ ಹುಡುಕಿದರು. 1933ರಲ್ಲಿ ಬಾಸೆಲ್ ನಗರದಲ್ಲಿ ಇದಕ್ಕೆಂದೇ ಶಾಲೆ ಆರಂಭವಾಯಿತು. 1953ರಲ್ಲಿ ವಿಯೆನ್ನಾದ ನಿಕೋಲಸ್ ಹಾರ್ನನ್‌ಕೋರ್ಟ್ ಹಳೆಯ ವಾದ್ಯಗಳ ಮೇಳ ಕಟ್ಟಿದ. ಆದರೂ ಜೀವನೋಪಾಯಕ್ಕಾಗಿ 1969ರವರೆಗೆ ಬೇರೊಂದು ವಾದ್ಯವೃಂದದಲ್ಲಿ ಚೆಲ್ಲೋ ನುಡಿಸುತ್ತಲೇ ಇದ್ದ. ಕರುಳಿನ ತಂತಿ, ತಗ್ಗಿಸಿದ ಶ್ರುತಿ, ಕೊಳಲುವಾದನದ ಬಗ್ಗೆ 1752ರ ಕ್ವಾಂಟ್ಸ್‌ನ ಗ್ರಂಥ ಇಂಥವು ಅವರಿಗೆ ಆಧಾರ. ಇಷ್ಟಾದರೂ ಕೇಳಿಬರುವುದು ಇಪ್ಪತ್ತನೆಯ ಶತಮಾನದ ಅಭಿರುಚಿಯೇ ಎಂದು ಸಂಗೀತಶಾಸ್ತ್ರಜ್ಞ ರಿಚರ್ಡ್ ಟರುಸ್ಕಿನ್ ವಾದಿಸಿದ.

ವಚನಗಾಯಕನಿಗೆ ಅಂಥ ಆಧಾರವೂ ಇಲ್ಲ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರ (1910–1992), ಬಸವರಾಜ ರಾಜಗುರು ಮೊದಲಾದವರು ವಚನಗಳನ್ನು ಹಾಡಿದ್ದು ಹಿಂದೂಸ್ತಾನಿ ರಾಗಗಳಲ್ಲಿ. ಖ್ಯಾಲ್ ಗಾಯನಶೈಲಿ ಶರಣರಿಗಿಂತ ಶತಮಾನಗಳಷ್ಟು ಈಚಿನದು. ಹಾರ್ಮೋನಿಯಂ ಅದಕ್ಕಿಂತಲೂ ಈಚಿನದು. ನಾದದ ನಿಷ್ಠೆ ಇಲ್ಲಿ ಅಸಾಧ್ಯ, ಆದ್ದರಿಂದ ನಿಷ್ಠೆಯ ಪರೀಕ್ಷೆ ನುಡಿಯಲ್ಲೇ ಆಗಬೇಕು. ಖ್ಯಾಲಿನಲ್ಲಿ ಒಂದು ಅಕ್ಷರದ ಮೇಲೆ ತಾನ ಹರಿದಾಡಿದರೆ ಕೇಳುಗ ತಲೆದೂಗುತ್ತಾನೆ. ವಚನದಲ್ಲಿ ಹಾಗೆ ಮಾಡಿದರೆ ಅಂಕಿತಕ್ಕೆ ಬರುವ ಹೊತ್ತಿಗೆ ಮೊದಲ ಮಾತು ಮರೆತಿರುತ್ತದೆ. ವಚನಕ್ಕೆ ನಿಯತ ಛಂದಸ್ಸಿಲ್ಲ. ತಾಳಕ್ಕೆ ಕೂರಿಸಲು ಸಾಲನ್ನು ಎಲ್ಲಿ ಒಡೆಯಬೇಕೆಂದು ಗಾಯಕನೇ ನಿರ್ಧರಿಸಬೇಕು. ತಪ್ಪಾಗಿ ಒಡೆದರೆ ಪ್ರಶ್ನೆ ಹೇಳಿಕೆಯಾಗುತ್ತದೆ, ವಿಡಂಬನೆ ಸ್ತುತಿಯಾಗುತ್ತದೆ. ಅಂದರೆ ವಚನಗಾಯಕ ತಿಳಿದೋ ತಿಳಿಯದೆಯೋ ವ್ಯಾಖ್ಯಾನಕಾರನೂ ಹೌದು.

ಇನ್ನು ಗಳಿಕೆಯ ಮಾತು. ವಚನಗಾಯನವೊಂದನ್ನೇ ನೆಚ್ಚಿ ಬದುಕುವುದು ಕಷ್ಟ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ, ಮಠಗಳ ಶಿವಾನುಭವ ಗೋಷ್ಠಿ, ಸಂಗೀತ ಪಾಠ ಇವೆಲ್ಲ ಸೇರಿದರೆ ಒಂದು ಬದುಕು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಇಂಥ ಬದುಕಿಗೆ ಸಜ್ಜುಮಾಡಿತು. ಈ ಸಂಭಾವನೆಗೆ ಶರಣತತ್ತ್ವದಲ್ಲಿ ಅಡ್ಡಿಯಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯಲ್ಲಿ ಅವನ ಮಡದಿ ಲಕ್ಕಮ್ಮ ಆಕ್ಷೇಪಿಸಿದ್ದು ಅಕ್ಕಿ ತಂದದ್ದಕ್ಕಲ್ಲ, ಬೇಕಾದದ್ದಕ್ಕಿಂತ ಹೆಚ್ಚು ತಂದದ್ದಕ್ಕೆ. ಗಾಯಕನ ಮಟ್ಟಿಗೆ ಆ ‘ಹೆಚ್ಚು’ ಹಣವೇ ಆಗಬೇಕಿಲ್ಲ. ಈಚೆಗೆ ಕಟ್ಟಿದ ಧಾಟಿಯನ್ನು ಶರಣರ ಧಾಟಿಯೆಂದು ಸಾರುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಕಾರ್ಯಕ್ರಮದ ಕರಪತ್ರದಲ್ಲಿ ವಚನಕಾರರ ಹೆಸರಿನೊಂದಿಗೆ ರಾಗ ಸಂಯೋಜಿಸಿದವರ ಹೆಸರನ್ನೂ ಅಚ್ಚು ಮಾಡುವುದು ಸಂಘಟಕರಿಗೆ ಕಷ್ಟದ ಕೆಲಸವೇನಲ್ಲ. ಅದನ್ನು ಅವರು ಮಾಡಬೇಕು.