ಊದಿದ ಕ್ಯಾಪ್ಟನ್‌ಗೆ ಏನು ಶಿಕ್ಷೆ?

2022ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಗುಲಾಬಿ ಚೆಂಡಿನ ಟೆಸ್ಟ್ ಹಲವರಿಗೆ ನೆನಪಿರಬಹುದು. ಮೂರೇ ದಿನಕ್ಕೆ ಮುಗಿದ ಪಂದ್ಯ. ಮೊದಲ ದಿನದಿಂದಲೇ ಚೆಂಡು ತಿರುಗುತ್ತಿದ್ದ ಆ ಪಿಚ್‌ನಲ್ಲಿ, ಸೋಲು ಖಾತ್ರಿಯಾಗಿದ್ದ ಹೊತ್ತಿನಲ್ಲಿ, ಶ್ರೀಲಂಕಾ ನಾಯಕ ದಿಮುತ್ ಕರುಣಾರತ್ನೆ 107 ರನ್ ಹೊಡೆದರು. ಎದುರಾಳಿಯದ್ದಾದರೇನು, ಬಹಳ ಒಳ್ಳೆಯ ಇನ್ನಿಂಗ್ಸ್.

ಅದಕ್ಕೆ ಮೂರು ವರ್ಷ ಮುಂಚೆ, 2019ರ ಮಾರ್ಚ್ 31ರ ಭಾನುವಾರ ಬೆಳಗಿನ ಜಾವ, ಇದೇ ಕರುಣಾರತ್ನೆ ಕೊಲಂಬೊದ ಬೊರೆಲ್ಲಾದಲ್ಲಿ ಕುಡಿದು ಕಾರು ಓಡಿಸಿ ಆಟೊಗೆ ಗುದ್ದಿದ್ದರು. ಆಟೊ ಚಾಲಕ ಆಸ್ಪತ್ರೆ ಸೇರಿದ. ಪೊಲೀಸರು ಇವರನ್ನು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು. ಇವರು ಕ್ಷಮೆ ಕೇಳಿದರು. ಒಪ್ಪಂದದ ಉಲ್ಲಂಘನೆಯಾಗಿದೆ ಎಂದು ಅಲ್ಲಿನ ಕ್ರಿಕೆಟ್ ಮಂಡಳಿ 7,500 ಡಾಲರ್ ದಂಡ ಹಾಕಿತು. ಮೂರು ವಾರ ತುಂಬುವ ಮೊದಲೇ ಅದೇ ಮಂಡಳಿ ಅವರನ್ನು ವಿಶ್ವಕಪ್ ತಂಡದ ನಾಯಕನನ್ನಾಗಿ ಮಾಡಿತು. 2015ರ ವಿಶ್ವಕಪ್ ಆದ ಮೇಲೆ ಅವರು ಒಂದೂ ಏಕದಿನ ಪಂದ್ಯ ಆಡಿರಲಿಲ್ಲ ಎಂಬುದನ್ನೂ ಸೇರಿಸಿ ಓದಿಕೊಳ್ಳಿ. ಆ ಫೆಬ್ರವರಿಯಲ್ಲಷ್ಟೇ ದಕ್ಷಿಣ ಆಫ್ರಿಕಾದ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದುಕೊಂಡು ಬಂದಿದ್ದ ನಾಯಕ, ಮಂಡಳಿಗೆ ಬೇಕಾಗಿದ್ದರು. ಬೇಕಾದವರಿಗೆ ದಂಡ, ಬೇಡವಾದವರಿಗೆ ನಿಷೇಧ ಎಂಬ ಲೆಕ್ಕ ನಮಗೇನೂ ಹೊಸದಲ್ಲ.

ಅದೇ 2019ರಲ್ಲಿ ನಮ್ಮ ಕಡೆ ಏನೇನಾಯಿತು ನೋಡಿ. ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಆಡಿದ ಹಗುರ ಮಾತಿಗಾಗಿ ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಅವರನ್ನು ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿದರು. ಜುಲೈನಲ್ಲಿ ಪೃಥ್ವಿ ಶಾ ಎಂಬ ಹತ್ತೊಂಬತ್ತರ ಹುಡುಗನ ಮೂತ್ರದಲ್ಲಿ ಕೆಮ್ಮಿನ ಸಿರಪ್‌ನ ಅಂಶ ಸಿಕ್ಕಿತೆಂದು ಎಂಟು ತಿಂಗಳ ನಿಷೇಧ. ವರ್ಷದ ಕೊನೆಗೆ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಹಗರಣ ಹೊರಬಿದ್ದು ಲೀಗೇ ನಿಂತುಹೋಯಿತು. ಮಾತಿಗೆ ಶಿಕ್ಷೆ ಇದೆ, ಸಿರಪ್ಪಿಗೆ ಇದೆ, ಬುಕ್ಕಿಗಳ ಜೊತೆ ಕೈಜೋಡಿಸಿದ್ದಕ್ಕೆ ಇದೆ. ಅಷ್ಟರಮಟ್ಟಿಗೆ ಸರಿಯೇ. ಆದರೆ ಆಟದ ಮಾನಕ್ಕೆ ಧಕ್ಕೆಯಾದಾಗ ಎದ್ದು ನಿಲ್ಲುವ ಮಂಡಳಿಗಳು, ರಸ್ತೆಯಲ್ಲಿ ಒಬ್ಬ ಆಟೊದವನ ಜೀವಕ್ಕೆ ಧಕ್ಕೆಯಾದಾಗ ಅದು ಪೊಲೀಸರ ಕೆಲಸ ಎಂದು ಕೈತೊಳೆದುಕೊಂಡರೆ ಹೇಗೆ?

ಪೊಲೀಸರ ಕೆಲಸ ಹೇಗಿರುತ್ತದೆಂದು ಬೆಂಗಳೂರಿನ ಬಾಗಲಗುಂಟೆಯವರಿಗೆ ಹೇಳಬೇಕಿಲ್ಲ. ವಾರಾಂತ್ಯದ ರಾತ್ರಿ ಹೆಸರಘಟ್ಟ ರಸ್ತೆಯಲ್ಲೋ ಎಂಟನೇ ಮೈಲಿಯಲ್ಲೋ ಬ್ಯಾರಿಕೇಡ್ ಬಿತ್ತೆಂದರೆ ಒಂದು ನಾಟಕವೇ ಶುರು. ‘ಊದಪ್ಪಾ’ ಎಂದು ಮಷಿನ್ ಹಿಡಿದರೆ ಕೆನ್ನೆ ಉಬ್ಬಿಸಿ ಊದಿದಂತೆ ನಟಿಸುವವರು, ‘ಒಂದೇ ಬಿಯರ್ ಸಾರ್’ ಎನ್ನುವವರು, ಯಾರಿಗೋ ಫೋನ್ ಹಚ್ಚಿ ‘ಒಂದ್ನಿಮಿಷ ಮಾತಾಡಿ ಸಾರ್’ ಎಂದು ಪೊಲೀಸರ ಕೈಗೇ ಕೊಡಲು ಹೋಗುವವರು. ದೂರದಿಂದಲೇ ಕಂಡು ಬೈಕ್ ತಿರುಗಿಸಿ ಅಡ್ಡರಸ್ತೆಗೆ ನುಗ್ಗುವ ಹುಡುಗರಲ್ಲಿ ಒಬ್ಬಿಬ್ಬರ ಮೈಮೇಲಾದರೂ ಆರ್‌ಸಿಬಿ ಜೆರ್ಸಿ ಇರುತ್ತದೆ. (2008ರಲ್ಲಿ ಆ ತಂಡಕ್ಕೆ ಹೆಸರು ಬಂದದ್ದೇ ಒಂದು ವಿಸ್ಕಿಯಿಂದ ಎಂಬುದು ಬೇರೆ ಮಾತು.) 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಈ ದಂಡ ಏರಿದ್ದೂ 2019ರಲ್ಲೇ, ಸೆಪ್ಟೆಂಬರ್‌ನಲ್ಲಿ.

ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವನಿಗೆ ಹತ್ತು ಸಾವಿರವೆಂದರೆ ಒಂದು ತಿಂಗಳ ಮನೆ ಬಾಡಿಗೆ. ಅವನು ಮುಂದಿನ ಸಲ ಕುಡಿದರೆ ಗಾಡಿ ಮುಟ್ಟುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಐಪಿಎಲ್ ಹರಾಜಿನಲ್ಲಿ ಕೋಟಿಗಳಿಗೆ ಹೋದವನಿಗೆ ಅದು ಒಂದು ರಾತ್ರಿಯ ಊಟದ ಬಿಲ್ಲು. ಕಾನೂನು ಇಬ್ಬರಿಗೂ ಒಂದೇ, ಬಿಸಿ ಮಾತ್ರ ಒಬ್ಬನಿಗೆ. ಆಟಗಾರನಿಗೆ ಬಿಸಿ ತಟ್ಟುವುದು ಆಟ ತಪ್ಪಿದಾಗ. ಆ ಕೀಲಿ ಇರುವುದು ನ್ಯಾಯಾಧೀಶರ ಬಳಿಯಲ್ಲ, ಕ್ರೀಡಾ ಸಂಸ್ಥೆಯ ಬಳಿ.

ಆ ಕೀಲಿಯನ್ನು ತಕ್ಕಮಟ್ಟಿಗೆ ಸರಿಯಾಗಿ ಬಳಸಿದವರು ಅಮೆರಿಕದ ಈಜು ಸಂಸ್ಥೆಯವರು. 2014ರ ಸೆಪ್ಟೆಂಬರ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಬಾಲ್ಟಿಮೋರ್‌ನಲ್ಲಿ ಕುಡಿದು ಓಡಿಸಿ ಸಿಕ್ಕಿಬಿದ್ದರು. ಅದು ಎರಡನೇ ಸಲ, ಮೊದಲನೆಯದು 2004ರಲ್ಲಿ. ಅಷ್ಟು ಹೊತ್ತಿಗೆ ಅವರ ಬಳಿ 18 ಒಲಿಂಪಿಕ್ ಚಿನ್ನಗಳಿದ್ದವು. ಆದರೂ ಆರು ತಿಂಗಳ ಅಮಾನತು. ಅಷ್ಟೇ ಆಗಿದ್ದರೆ ಹೆಚ್ಚೇನೂ ನಷ್ಟವಿರಲಿಲ್ಲ, ಏಕೆಂದರೆ ಮರುವರ್ಷದ ಆಗಸ್ಟ್‌ನಲ್ಲಿ ಕಜಾನ್‌ನಲ್ಲಿದ್ದ ವಿಶ್ವ ಚಾಂಪಿಯನ್‌ಷಿಪ್‌ನ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು. ಅದಕ್ಕೇ ಆ ಕೂಟಕ್ಕೂ ಅವರು ಅಮೆರಿಕ ತಂಡದಲ್ಲಿರುವುದಿಲ್ಲ ಎಂದು ನಿರ್ಧಾರವಾಯಿತು. ಚಿಕಿತ್ಸೆ ಪಡೆದು ಮರಳಿದ ಫೆಲ್ಪ್ಸ್ 2016ರ ರಿಯೊದಲ್ಲಿ ಐದು ಚಿನ್ನ, ಒಂದು ಬೆಳ್ಳಿ ಗೆದ್ದರು. ಶಿಕ್ಷೆ ಮುಟ್ಟಬೇಕಾದಲ್ಲಿ ಮುಟ್ಟಿತು, ಆಟಗಾರನೂ ಉಳಿದ. ಆಜೀವ ನಿಷೇಧ ಹಾಕಿ ಎಂದು ಕೂಗುವವರಿಗೆ ನನ್ನ ಬಳಿ ಇರುವ ಉತ್ತರ ಇದೇ. ಹೌದು, ಫೆಲ್ಪ್ಸ್ ಯಾರಿಗೂ ಗುದ್ದಿರಲಿಲ್ಲ. ಗುದ್ದಿದ್ದರೆ ಮಾತು ಬೇರೆಯಾಗಬೇಕು.

ಕುಡಿಯುವುದು ಆಟಗಾರನ ಖಾಸಗಿ ವಿಷಯ ಎನ್ನುವವರಿದ್ದಾರೆ. ಕುಡಿಯುವುದು ಖಾಸಗಿ, ಯಾರೂ ಬೇಡವೆನ್ನಲಿಲ್ಲ. ಸ್ಟೀರಿಂಗ್ ಹಿಡಿದು ರಸ್ತೆಗಿಳಿದದ್ದು ಖಾಸಗಿ ಹೇಗಾಗುತ್ತದೆ? ಒಬ್ಬ ಚಾಲಕನನ್ನು ಇಟ್ಟುಕೊಳ್ಳಲು ಆಗದಷ್ಟು ಬಡವರೇನೂ ಅಲ್ಲ ಇವರು.

ಕೊಲಂಬೊದ ತೀರ್ಪಿನಲ್ಲಿ ನನಗೆ ಹೆಚ್ಚು ಚುಚ್ಚುವುದು ಇನ್ನೊಂದು ಸಂಗತಿ. ದಂಡ ಮಂಡಳಿಗೆ ಹೋಯಿತು. ಪೆಟ್ಟು ತಿಂದದ್ದು ಆಟೊದವನು. ರಾಹುಲ್–ಪಾಂಡ್ಯ ಪ್ರಕರಣದಲ್ಲಿ ನಮ್ಮ ಕ್ರಿಕೆಟ್ ಮಂಡಳಿಯ ಒಂಬುಡ್ಸ್‌ಮನ್ ಆಗಿದ್ದ ನ್ಯಾಯಮೂರ್ತಿ ಡಿ.ಕೆ. ಜೈನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿ, ಅದರಲ್ಲಿ ಅರ್ಧವನ್ನು ಕರ್ತವ್ಯದಲ್ಲಿದ್ದಾಗ ಮಡಿದ ಅರೆಸೇನಾ ಪಡೆಯ ಹತ್ತು ಕಾನ್‌ಸ್ಟೆಬಲ್‌ಗಳ ಪತ್ನಿಯರಿಗೆ, ಉಳಿದರ್ಧವನ್ನು ಅಂಧರ ಕ್ರಿಕೆಟ್‌ಗೆ ಕೊಡಿಸಿದರು. ದಂಡದ ದುಡ್ಡು ಮಂಡಳಿಯ ತಿಜೋರಿಗೇ ಹೋಗಬೇಕೆಂದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಗುದ್ದಿಸಿಕೊಂಡವನಿಗೆ ಕೊಡಿಸಲು ಯಾವ ಅಡ್ಡಿ?

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ದೆಹಲಿ, ಮುಂಬೈ ಕಡೆ ನೋಡುತ್ತ ಕೂರಬೇಕಿಲ್ಲ. ತನ್ನದೇ ಟೂರ್ನಿಯಾದ ಮಹಾರಾಜ ಟ್ರೋಫಿಗೆ ಆಡುವ ಹುಡುಗರಿಂದ ಸಹಿ ಹಾಕಿಸಿಕೊಳ್ಳುವಾಗಲೇ ಒಂದು ಕಲಂ ಸ್ಪಷ್ಟವಾಗಿ ಬರೆದಿಡಲಿ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ವಿಚಾರಣೆ ಮುಗಿಯುವವರೆಗೆ ಅಮಾನತು. ಸಾಬೀತಾದರೆ ಆ ಋತುವಿನ ಆಟ ಇಲ್ಲ, ಮುಂದಿನ ಎರಡು ವರ್ಷ ನಾಯಕತ್ವ ಇಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ಸಂಭಾವನೆಯಲ್ಲಿ ಮೊದಲ ಪಾಲು ಅವರ ಆಸ್ಪತ್ರೆ ಬಿಲ್ಲಿಗೆ. ಕ್ಯಾಪ್ಟನ್ ಆಗಲಿ, ನೀರು ಹೊರುವ ಹನ್ನೆರಡನೆಯವನಾಗಲಿ, ಎಲ್ಲರಿಗೂ ಇದೇ ಕಲಂ ಅನ್ವಯಿಸಲಿ. ಮುಂದಿನ ಟೂರ್ನಿಯ ಹರಾಜಿಗೆ ಮೊದಲೇ ಇದಾಗಲಿ.