ಬೆನ್ನ ಹಿಂದೆ ನಿಂತ ಸ್ವಾತಂತ್ರ್ಯ

1786ರ ವಸಂತದಲ್ಲಿ ಥಾಮಸ್ ಜೆಫರ್ಸನ್ ಅವರು ಲಂಡನ್ನಿಗೆ ಬಂದಿದ್ದರು. ಆಗ ಅವರು ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. ರಾಷ್ಟ್ರಾಧ್ಯಕ್ಷರಾಗಲು ಇನ್ನೂ ಹದಿನೈದು ವರ್ಷಗಳಿದ್ದವು. ಮ್ಯಾದರ್ ಬ್ರೌನ್ ಎಂಬ ತರುಣ ಕಲಾವಿದನಿಂದ ಅವರು ಅಲ್ಲಿ ತಮ್ಮ ಭಾವಚಿತ್ರ ಬರೆಯಿಸಿಕೊಂಡರು. ಅವರ ಸ್ವಂತ ಪ್ರತಿ ಕಳೆದುಹೋಯಿತು. ಮಿತ್ರ ಜಾನ್ ಆಡಮ್ಸ್ ಅವರಿಗಾಗಿ ಅದೇ ಕಲಾವಿದ ರಚಿಸಿದ ಪ್ರತಿ ಮಾತ್ರ ಉಳಿದು, ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯವನ್ನು ಸೇರಿದೆ. ಮುಖದ ಹೋಲಿಕೆಯೇ ಇಲ್ಲವೆಂದು ಅವರ ಕಾರ್ಯದರ್ಶಿಯೇ ಆಕ್ಷೇಪಿಸಿದ್ದುಂಟು.

ಮುಖ ಹೋಲಲಿ, ಬಿಡಲಿ. ನನ್ನ ಕಣ್ಣು ನಿಲ್ಲುವುದು ಹಿನ್ನೆಲೆಯಲ್ಲಿ. ಅಲ್ಲಿ ಸ್ವಾತಂತ್ರ್ಯದ ಸಂಕೇತವಾದ ಸ್ತ್ರೀಮೂರ್ತಿಯೊಂದಿದೆ. ಅವಳ ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಟೊಪ್ಪಿಗೆ. ಪ್ರಾಚೀನ ರೋಮಿನಲ್ಲಿ ಬಿಡುಗಡೆ ಹೊಂದಿದ ಗುಲಾಮನ ಗುರುತು ಇಂತಹ ಟೊಪ್ಪಿಗೆಯೇ ಆಗಿತ್ತು. ಮಾನವರೆಲ್ಲರೂ ಸಮಾನರೆಂದು ಸಾರಿದ 1776ರ ಘೋಷಣೆಯ ಕರಡನ್ನು ಬರೆದ ಕೈಗೆ ತಕ್ಕ ಚಿಹ್ನೆಯೇ. ಆದರೆ ತಮ್ಮ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರಿಗೆ ಒಡೆಯರಾಗಿದ್ದವರೂ ಅವರೇ.

ಅವರಲ್ಲೊಬ್ಬ, ಜೇಮ್ಸ್ ಹೆಮಿಂಗ್ಸ್, ಆ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ಒಡೆಯನಿಗಾಗಿ ಫ್ರೆಂಚ್ ಅಡುಗೆ ಕಲಿಯುತ್ತಿದ್ದ. ಫ್ರಾನ್ಸಿನ ನೆಲದಲ್ಲಿ ಗುಲಾಮನು ಕೇಳಿದರೆ ಕಾನೂನು ಅವನಿಗೆ ಬಿಡುಗಡೆ ಕೊಡುತ್ತಿತ್ತು. ಜೆಫರ್ಸನ್ನರಿಗೆ ಇದು ತಿಳಿದಿತ್ತು. ಗುಲಾಮ ಬಾಲಕನೊಬ್ಬನನ್ನು ಅಲ್ಲಿ ಇಟ್ಟುಕೊಳ್ಳುವ ಬಗೆಯನ್ನು ವಿಚಾರಿಸಿದವರೊಬ್ಬರಿಗೆ ಅದೇ ವರ್ಷದ ಆಗಸ್ಟಿನಲ್ಲಿ ಉತ್ತರಿಸುತ್ತಾ, ಸುದ್ದಿಯೆತ್ತದೆ ಸುಮ್ಮನಿದ್ದವರೊಬ್ಬರಿಗೆ ಯಾವ ತೊಂದರೆಯೂ ಆಗಲಿಲ್ಲವೆಂದು ಅವರು ಸೂಚಿಸಿದರು.

ಇದನ್ನು ಕಪಟವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ದಾಸ್ಯ ಪದ್ಧತಿಯ ಕೇಡನ್ನು ಕುರಿತು, ದೇವರ ನ್ಯಾಯವನ್ನು ನೆನೆದಾಗ ತಮ್ಮ ನಾಡಿನ ಬಗ್ಗೆ ಮೂಡುವ ಭಯವನ್ನು ಕುರಿತು, ಅವರೇ ವರ್ಜೀನಿಯಾದ ಮೇಲಿನ ತಮ್ಮ ಗ್ರಂಥದಲ್ಲಿ ಬರೆದಿದ್ದರು. ಆ ಭಯ ನಟನೆಯೆಂದು ನನಗನಿಸದು. ಹಾಗಾಗಿಯೇ ಹೊಣೆ ಹೆಚ್ಚುತ್ತದೆ. ಯಜಮಾನನ ಇಷ್ಟವನ್ನು ಅರಿತೂ ನಡೆಯದ ಸೇವಕನ ಬಗ್ಗೆ ಪ್ರಭು ಯೇಸು ಹೇಳಿದ ಮಾತು ಲೂಕನ ಶುಭಸಂದೇಶದಲ್ಲಿದೆ.

ಹಾಗಾದರೆ ಆ ಸ್ತ್ರೀಮೂರ್ತಿ ಸುಳ್ಳೇ? ಅಲ್ಲ. ದಾಸ್ಯದಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1852ರಲ್ಲಿ ಆ ಘೋಷಣೆಯ ತತ್ತ್ವಗಳನ್ನೇ ಮುಂದಿಟ್ಟು ಇಡೀ ದೇಶವನ್ನು ಪ್ರಶ್ನಿಸಿದರು. ಬರೆದವರು ಪಾಲಿಸದ ಮಾತೂ ಬೇರೊಬ್ಬರ ಬಿಡುಗಡೆಗೆ ನೆರವಾಗಬಲ್ಲದು. ಬರೆದವರ ಲೆಕ್ಕ ಮಾತ್ರ ಅದರಿಂದ ಚುಕ್ತಾ ಆಗುವುದಿಲ್ಲ. ಮನೆಯಲ್ಲಿ ಕುಟುಂಬದ ಫೋಟೋ ತೆಗೆಯಿಸಿಕೊಳ್ಳುವಾಗ ನಾವೂ ಯೇಸುವಿನ ತಿರುಹೃದಯದ ಚಿತ್ರಕ್ಕೆ ಬೆನ್ನು ಮಾಡಿಯೇ ಕುಳಿತಿರುತ್ತೇವೆ; ಮನೆಗೆಲಸದಾಕೆ ಆ ಫೋಟೋದಲ್ಲಿ ಇರುವುದಿಲ್ಲ.

ಜೇಮ್ಸ್‌ಗೆ ಬಿಡುಗಡೆ ದೊರೆತದ್ದು 1796ರಲ್ಲಿ; ತನ್ನ ತಮ್ಮ ಪೀಟರನಿಗೆ ಅಡುಗೆ ಕಲಿಸಿಕೊಟ್ಟ ಮೇಲೆ. ಪೀಟರ್ ಗುಲಾಮನಾಗಿಯೇ ಆ ಅಡುಗೆಮನೆಯಲ್ಲಿ ಉಳಿದ. 1826ರಲ್ಲಿ ತೀರಿಕೊಂಡ ಜೆಫರ್ಸನ್ನರ ಉಯಿಲು ಐವರನ್ನು ಬಿಡುಗಡೆ ಮಾಡಿತು. ಮರುವರ್ಷದ ಜನವರಿಯಲ್ಲಿ, ಸಾಲ ತೀರಿಸುವ ಸಲುವಾಗಿ, ದನಕರು, ಪೀಠೋಪಕರಣ, ಅಡುಗೆಮನೆಯ ಸಾಮಾನುಗಳೊಂದಿಗೆ 130 ಮಂದಿಯನ್ನು ಹರಾಜಿಗಿಡಲಾಯಿತು.